ಹೊಸ ಮಂಡಿಯೊಂದಿಗೆ ಸಿಂಹಗಡ ಹತ್ತಬಹುದೇ?

ಪ್ರಶ್ನೆ: ಮಾನ್ಯ ಡಾಕ್ಟರೇ, ನನಗೆ 64 ವರ್ಷ. ಧಾರವಾಡ ಕಡೆಯವನಾದ ನಾನು ಪುಣೆಯ ಕೋಥ್ರೂಡಿನಲ್ಲಿ ನೆಲೆಸಿದ್ದೇನೆ. ಭಾನುವಾರ ಬೆಳಿಗ್ಗೆ ಇಲ್ಲಿಗೆ ಹತ್ತಿರದ ಬೆಟ್ಟದ ಕೋಟೆ ಸಿಂಹಗಡವನ್ನು ಹತ್ತಿ, ಮೇಲೆ ಪಿಠ್ಲ-ಭಾಕರಿ ತಿಂದು ಇಳಿದು ಬರುವುದು ಬಹುಕಾಲದ ರೂಢಿಯಾಗಿತ್ತು. ಐದು ತಿಂಗಳ ಹಿಂದೆ ಬಲ ಮಂಡಿಯ ಕೀಲು ಬದಲಿಸಿದರು. ಈಗ ಸಮತಟ್ಟಾದ ದಾರಿಯಲ್ಲಿ ಒಂದು ಗಂಟೆ ನೋವಿಲ್ಲದೆ ನಡೆಯುತ್ತೇನೆ, ಆದರೆ ಸಂಜೆಗೆ ಮಂಡಿ ಸ್ವಲ್ಪ ಬಾತು ಬೆಚ್ಚಗಾಗುತ್ತದೆ. ಗಡದ ಮಾತೆತ್ತಿದರೆ ಮಗ ಬೇಡವೆನ್ನುತ್ತಾನೆ. ಮತ್ತೆ ಹೋಗಬಹುದೇ?
ಓದುಗರೊಬ್ಬರು, ಪುಣೆ

ಉತ್ತರ: ಹೋಗುವ ಆಸೆಯನ್ನು ಬಿಡಬೇಡಿ, ಆದರೆ ಇಳಿಯುವ ಶಕ್ತಿ ಬರುವವರೆಗೆ ಕಾಯಿರಿ. ಸಂಜೆಯ ಬಾವು ರಾತ್ರಿಯ ವಿಶ್ರಾಂತಿಯಿಂದ ಇಳಿಯುತ್ತಿದ್ದರೆ ಗಾಬರಿ ಬೇಡ. ಈ ಚಿಕಿತ್ಸೆಯ ನಂತರ ಹಲವು ತಿಂಗಳು ಹೀಗಾಗುವುದು ಸಾಮಾನ್ಯ. ಮೀನಖಂಡದಲ್ಲಿ ನೋವು ಮತ್ತು ಊತ, ಅಥವಾ ಜ್ವರದೊಡನೆ ಮಂಡಿ ಕೆಂಪಾಗುವುದು ಕಂಡರೆ ಮಾತ್ರ ಅದೇ ದಿನ ವೈದ್ಯರಿಗೆ ತೋರಿಸಿ.

ಹತ್ತುವಾಗ ಏದುಸಿರು ಬರುತ್ತದೆ, ಹಾಗಾಗಿ ಅದೇ ಕಷ್ಟವೆಂದು ತೋರುತ್ತದೆ. ಮಂಡಿಗೆ ಮಾತ್ರ ಇಳಿಜಾರೇ ಹೆಚ್ಚು ಕಠಿಣ: ಪ್ರತಿ ಹೆಜ್ಜೆಯಲ್ಲೂ ಮೈತೂಕದ ಹಲವು ಪಟ್ಟು ಭಾರ ಬಾಗಿದ ಕೀಲಿನ ಮೇಲೆ ಬೀಳುತ್ತದೆ, ಅದನ್ನು ತಡೆದು ಹಿಡಿಯಬೇಕಾದ ತೊಡೆಯ ಮುಂಭಾಗದ ಸ್ನಾಯುವೋ ಶಸ್ತ್ರಚಿಕಿತ್ಸೆಯಿಂದ ಸೊರಗಿ, ಪೂರ್ಣ ಬಲ ಪಡೆಯಲು ವರ್ಷವನ್ನೇ ತೆಗೆದುಕೊಳ್ಳಬಹುದು. ಕುರ್ಚಿಯಿಂದ ಕೈಯೂರದೆ ನಿಧಾನವಾಗಿ ಏಳುವ, ಕೂರುವ ವ್ಯಾಯಾಮವನ್ನು ದಿನವೂ ಮಾಡಿ.

ನಿಮ್ಮ ಊರಿನಲ್ಲೇ ಒಳ್ಳೆಯ ಪರೀಕ್ಷಾಸ್ಥಳವಿದೆ. ಪರ್ವತಿ ಗುಡ್ಡದ 103 ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿ, ಇಳಿಯುವಾಗ ಮೊದಲು ಬಲಗಾಲನ್ನೇ ಕೆಳಗಿಡಿ. ಕೆಲವು ವಾರಗಳಲ್ಲಿ ಕಂಬಿಯ ಆಸರೆಯಿಲ್ಲದೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಇಳಿಯಲು ಸಾಧ್ಯವಾಗಿ, ಮರುದಿನ ಬಾವು ಉಳಿಯದಿದ್ದರೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಎಕ್ಸ್‌ರೇ ತೋರಿಸಿ ಒಪ್ಪಿಗೆ ಪಡೆಯಿರಿ.

ಸಿಂಹಗಡದ ಕಾಲುದಾರಿಯ ಏರು ಸುಮಾರು 600 ಮೀಟರ್. ಪರ್ವತಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಅದೃಷ್ಟವಶಾತ್ ಗಡದ ಮೇಲಿನವರೆಗೆ ವಾಹನ ಹೋಗುವ ರಸ್ತೆಯಿರುವುದರಿಂದ ಮೊದಲ ಕೆಲವು ಬಾರಿ ನಡೆದು ಹತ್ತಿ, ವಾಹನದಲ್ಲಿ ಇಳಿಯಿರಿ. ಎರಡೂ ಕೈಗಳಲ್ಲಿ ಊರುಗೋಲಿರಲಿ. ಮಳೆಗಾಲದಲ್ಲಿ ಹೋಗಲೇಬೇಡಿ, ಕೆಸರಿನಲ್ಲಿ ಜಾರಿಬಿದ್ದು ಕೃತಕ ಕೀಲಿನ ಸುತ್ತಲ ಮೂಳೆ ಮುರಿದರೆ ಮತ್ತೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಓಡುವುದು, ಬಂಡೆಯಿಂದ ಜಿಗಿಯುವುದು ಸಹ ಬೇಡ, ಲೋಹದ ಭಾಗಗಳ ನಡುವಿನ ಪ್ಲಾಸ್ಟಿಕ್ ಪದರ ಅದರಿಂದ ಬೇಗ ಸವೆಯಬಹುದು.

ನಿಮ್ಮ ಮಗನ ಆತಂಕ ನ್ಯಾಯವಾದದ್ದೇ. ಪರ್ವತಿಗೆ ಅವರನ್ನೂ ಕರೆದುಕೊಂಡು ಹೋಗಿ, ನೀವು ಇಳಿಯುವುದನ್ನು ಅವರೇ ಕಣ್ಣಾರೆ ನೋಡಲಿ.