0/0 ಯಾಕೆ 1 ಅಲ್ಲ?

ಯಾವುದೇ ಸಂಖ್ಯೆಯನ್ನು ಅದರಿಂದಲೇ ಭಾಗಿಸಿದರೆ 1 ಬರುತ್ತೆ, ಹಾಗಾದ್ರೆ 0/0 ಕೂಡ 1 ಆಗಬೇಕಲ್ವಾ ಅಂತ ಕೇಳಿದ್ದೀರಿ. ಆ ನಿಯಮದಲ್ಲೇ ‘ಸೊನ್ನೆಯನ್ನು ಬಿಟ್ಟು’ ಅನ್ನೋ ಷರತ್ತು ಇದೆ.

ಭಾಗಾಕಾರ ಅಂದ್ರೆ ಗುಣಾಕಾರವನ್ನು ತಿರುಗಿಸಿ ಕೇಳೋದು. 12/4 = 3, ಯಾಕಂದ್ರೆ 4ನ್ನು 3ರಿಂದ ಗುಣಿಸಿದರೆ ಮಾತ್ರ 12. ಈಗ 0/0: ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ ಸೊನ್ನೆ? 1, 7, −250, ಎಲ್ಲವೂ ಸರಿ! 5/0ಗೆ ಉತ್ತರವೇ ಸಿಗಲ್ಲ, ಇಲ್ಲಿ ಸಿಕ್ಕಿದ್ದೆಲ್ಲ ಉತ್ತರ. ತೊಂದರೆಗಳು ಬೇರೆ ಬೇರೆ.

ಸರಿ, ಒಂದನ್ನು ನಾವೇ ಆರಿಸಿಕೊಂಡ್ರೆ? ಅದು c ಅಂತಿರಲಿ. ಭಿನ್ನರಾಶಿ ಕೂಡುವ ಮಾಮೂಲಿ ನಿಯಮ ಹಾಕಿ:

0/0 + 1/1 = (0×1 + 1×0)/(0×1) = 0/0

ಅಂದ್ರೆ c + 1 = c, ಅಲ್ಲಿಗೆ 1 = 0. c ಯಾವುದಾದರೂ ಇದೇ ಗತಿ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ 0/0 = 0 ಅಂದಿದ್ದ; ಸೊನ್ನೆಗೆ ಲೆಕ್ಕದ ನಿಯಮಗಳನ್ನು ಕಟ್ಟಿಕೊಟ್ಟ ಮಹಾನುಭಾವ ಆತ, ಆದರೂ ಆ ಉತ್ತರ ಕೂಡ ಇಲ್ಲಿ ನಿಲ್ಲಲ್ಲ.

ಕಲನಶಾಸ್ತ್ರದ ಮಿತಿಯನ್ನು (limit, ಅಂದ್ರೆ x ಒಂದು ಸಂಖ್ಯೆಯ ಹತ್ತಿರ ಹೋದಂತೆ ಉತ್ತರ ಯಾವುದರ ಹತ್ತಿರ ಹೋಗುತ್ತೆ ಅನ್ನೋದು) ಇದರ ಜೊತೆ ಬೆರೆಸಬೇಡಿ. x ಸೊನ್ನೆಯ ಹತ್ತಿರ ಹೋದಾಗ 5x/x ಐದರಲ್ಲೇ ಇರುತ್ತೆ, x²/x ಸೊನ್ನೆಗೆ ಇಳಿಯುತ್ತೆ, sin x/x (x ರೇಡಿಯನ್‌ನಲ್ಲಿ) 1ಕ್ಕೆ ಹೋಗುತ್ತೆ; x = 0.1 ಇದ್ದಾಗಲೇ ಅದು ಸುಮಾರು 0.9983. ಮೂರರಲ್ಲೂ ನೇರವಾಗಿ x = 0 ಹಾಕಿದರೆ ಸಿಗೋದು ಅದೇ 0/0. ಅಂಥ ಕಡೆ ಸಂಕ್ಷೇಪಿಸೋಕೆ ಆಗೋದಾದ್ರೆ (5x/x, x²/x ತರಹ) ಮೊದಲು ಸಂಕ್ಷೇಪಿಸಿ, ಆಮೇಲೆ ಮಿತಿ ತೆಗೆಯಿರಿ; sin x/x ಹಾಗೆ ಸಂಕ್ಷೇಪ ಆಗಲ್ಲ, ಅದರ ಮಿತಿಯನ್ನು ಬೇರೆ ದಾರಿಯಲ್ಲಿ ಕಂಡುಹಿಡಿಯಬೇಕು.