ಕಡಲೆಕಾಯಿ ಅಲರ್ಜಿ ಇರುವ ಮಗುವನ್ನು ಮುಂಬಯಿಯ ಹೋಟೆಲಿಗೆ ಕರೆದೊಯ್ಯುವಾಗ ಯಾರನ್ನು, ಏನೆಂದು ಕೇಳಬೇಕು?

ಮೈಸೂರಿನಿಂದ ಮುಂಬಯಿಗೆ ವರ್ಗವಾಗಿ ಬರುತ್ತಿರುವುದಾಗಿಯೂ, 6 ವರ್ಷದ ಮಗನಿಗೆ ಕಡಲೆಕಾಯಿಯ ಅಲರ್ಜಿ ಇರುವುದನ್ನು ವೈದ್ಯರು ಖಚಿತಪಡಿಸಿರುವುದಾಗಿಯೂ ಬರೆದಿದ್ದೀರಿ. ಇಲ್ಲಿನ ಉಡುಪಿ ಹೋಟೆಲುಗಳು ಸಸ್ಯಾಹಾರಿಯಾದ್ದರಿಂದ ನಿಶ್ಚಿಂತೆಯಿಂದ ಹೋಗಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಕುಂದಾಪುರದ ಕಡೆಯವನು. ಮುಂಬಯಿಯ ಹೋಟೆಲುಗಳಲ್ಲಿ 28 ವರ್ಷ ದುಡಿದಿದ್ದೇನೆ, ಈಗ ಒಂದು ಹೋಟೆಲಿನ ಅಡುಗೆಮನೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೇನೆ. ಖಂಡಿತ ಹೋಗಿ, ಆದರೆ ಪ್ರತಿ ಸಲವೂ ವಿಚಾರಿಸಿಕೊಂಡೇ ಊಟಕ್ಕೆ ಕೂರಿ. ಮೀನು, ಸಿಗಡಿ, ಮೊಟ್ಟೆಯ ಅಲರ್ಜಿ ಇದ್ದವರಿಗೆ ಶುದ್ಧ ಸಸ್ಯಾಹಾರಿ ಹೋಟೆಲು ದೊಡ್ಡ ಆಸರೆ. ಕಡಲೆಕಾಯಿಯ ವಿಷಯದಲ್ಲಿ ಮಾತ್ರ ಮುಂಬಯಿಯ ಸಸ್ಯಾಹಾರಿ ಅಡುಗೆಮನೆಯೇ ಹೆಚ್ಚು ಎಚ್ಚರ ವಹಿಸಬೇಕಾದ ಜಾಗ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಾನು ಕಣ್ಣಾರೆ ಕಂಡ ಅಪಾಯ ಹುಟ್ಟಿದ್ದು ಅಲ್ಲಿಂದಲೇ. ಸುಮಾರು 15 ವರ್ಷಗಳ ಹಿಂದೆ ನಾನು ಕ್ಯಾಪ್ಟನ್, ಅಂದರೆ ಬಡಿಸುವವರ ಮೇಲ್ವಿಚಾರಕ, ಆಗಿದ್ದ ಹೋಟೆಲಿಗೆ ನಿಮ್ಮ ಕಡೆಯದೇ ಒಂದು ಕುಟುಂಬ ಬಂದಿತ್ತು. ಚಟ್ನಿಗೆ ಕಡ್ಲೆಬೀಜ ಹಾಕಿದ್ದೀರಾ ಎಂದು ತಾಯಿ ಕನ್ನಡದಲ್ಲಿಯೇ ಕೇಳಿದರು. ಊರಿನಿಂದ ಬಂದು ಎರಡು ತಿಂಗಳಷ್ಟೇ ಆಗಿದ್ದ ನಮ್ಮ ಮಾಣಿಗೆ ಕಡ್ಲೆ ಎಂದರೆ ಕಡಲೆ, ಹೆಚ್ಚೆಂದರೆ ಹುರಿಗಡಲೆ. ನೀವು ಕಡಲೆಕಾಯಿ ಎನ್ನುವುದನ್ನು ಕರಾವಳಿಯಲ್ಲಿ ನಾವು ನೆಲಗಡಲೆ ಎನ್ನುತ್ತೇವೆ. ಆ ದಿನ ತೆಂಗಿನಕಾಯಿ ಸಾಲದೆ ಭಟ್ಟರು ಹುರಿಗಡಲೆಯ ಬದಲು ಹುರಿದ ನೆಲಗಡಲೆಯನ್ನು ರುಬ್ಬಿ ಸೇರಿಸಿದ್ದರು. ಹುಡುಗ ತನಗೆ ತಿಳಿದ ಸತ್ಯವನ್ನೇ ಹೇಳಿದ: 'ಇಲ್ಲಮ್ಮ, ಕಡ್ಲೆ ಹಾಕಿಲ್ಲ.' ದೋಸೆಯ ನಾಲ್ಕನೆಯ ತುತ್ತಿಗೆ ಮಗುವಿನ ತುಟಿ ಊದಿಕೊಂಡಿತು, ಕುತ್ತಿಗೆಯ ಸುತ್ತ ಕೆಂಪು ಗಂಧೆಗಳೆದ್ದವು, ಸಣ್ಣ ಕೆಮ್ಮು ಶುರುವಾಯಿತು. ಆಸ್ಪತ್ರೆ ಹತ್ತಿರವಿತ್ತು, ತೊಡೆಗೆ ಚುಚ್ಚುಮದ್ದು ಕೊಟ್ಟರು, ಮಗು ಉಳಿಯಿತು. ಆ ಮೇಜಿಗೆ ನಾನೇ ಹೋಗಿ ವಿಚಾರಿಸಬೇಕಾಗಿತ್ತು, ಹೋಗಲಿಲ್ಲ. ಅಂದಿನಿಂದ ಯಾರಾದರೂ ಅಲರ್ಜಿ ಎಂಬ ಮಾತೆತ್ತಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಮೇಜಿನ ಬಳಿಗೆ ಹೋಗುತ್ತೇನೆ.

ಆದ್ದರಿಂದ ಒಂದೇ ಹೆಸರನ್ನು ನಂಬಬೇಡಿ. ಕನ್ನಡದವರೇ ಬಡಿಸುತ್ತಿದ್ದರೂ ಕಡಲೆಕಾಯಿ, ಶೇಂಗಾ, ನೆಲಗಡಲೆ ಮೂರನ್ನೂ ಹೇಳಿ. ಈಗ ಹೆಚ್ಚಿನ ಹೋಟೆಲುಗಳಲ್ಲಿ ಬಡಿಸುವವರೂ ಬೇಯಿಸುವವರೂ ಬೇರೆ ಬೇರೆ ರಾಜ್ಯಗಳಿಂದ ಬಂದವರು. ಮರಾಠಿಯಲ್ಲಿ ಶೇಂಗದಾಣಾ, ಹಿಂದಿಯಲ್ಲಿ ಮೂಂಗ್‌ಫಲಿ, ಮುಂಬಯಿಯ ಅಂಗಡಿಗಳ ಮಾತಿನಲ್ಲಿ ಸಿಂಗ್‌ದಾಣಾ. ಈ ಹೆಸರುಗಳನ್ನು ದೇವನಾಗರಿಯಲ್ಲಿ ಒಂದು ಚೀಟಿಯಲ್ಲಿ ಬರೆಸಿ, ಇದನ್ನು ತಿಂದರೆ ನಮ್ಮ ಮಗುವಿಗೆ ಉಸಿರು ಕಟ್ಟುತ್ತದೆ ಎಂಬ ವಾಕ್ಯವನ್ನೂ ಸೇರಿಸಿ. ಅಲರ್ಜಿ ಎಂಬ ಪದವನ್ನು ಎಷ್ಟೋ ಜನ ಅಜೀರ್ಣ, ತುರಿಕೆ, ಇಲ್ಲವೇ ಇಷ್ಟವಿಲ್ಲದ ತಿಂಡಿ ಎಂದುಕೊಳ್ಳುತ್ತಾರೆ; ಉಸಿರು ಕಟ್ಟುತ್ತದೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಚೀಟಿ ಅಡುಗೆಮನೆಯೊಳಗೆ ಹೋಗಿ, ಆ ತಿನಿಸನ್ನು ಮಾಡಿದವರಿಂದಲೇ ಉತ್ತರ ಬರಬೇಕು.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. 'ಇದರಲ್ಲಿ ಇಲ್ಲ ತಾನೇ?' ಎಂದು ಕೇಳಿದರೆ, ಗದ್ದಲದಲ್ಲಿ ನಿಂತವನ ಬಾಯಿಂದ 'ಇಲ್ಲ' ಎಂದೇ ಬರುತ್ತದೆ. ಇವತ್ತಿನ ಚಟ್ನಿಗೆ ಏನೇನು ಹಾಕಿ ರುಬ್ಬಿದ್ದೀರಿ, ಈ ಗ್ರೇವಿ ಗಟ್ಟಿಯಾಗಲು ಏನು ಹಾಕುತ್ತೀರಿ, ಪೂರಿ ಕರಿದ ಎಣ್ಣೆಯಲ್ಲಿ ಬೇರೆ ಏನನ್ನು ಕರಿದಿದ್ದೀರಿ ಎಂದು ಕೇಳಿ. ಇವಕ್ಕೆ ಹೌದು, ಇಲ್ಲ ಎಂದು ಹೇಳಿ ಮುಗಿಸಲಾಗದು. ಒಂದು ಗಂಟೆಗೆ, ರಾತ್ರಿ ಎಂಟೂವರೆಗೆ ಹೋಗಿ ಇದನ್ನೆಲ್ಲ ಕೇಳಿದರೆ ಒಳ್ಳೆಯ ಮನಸ್ಸಿನವರೂ ಉತ್ತರಿಸಲಾರರು. ಹನ್ನೊಂದೂವರೆಗೋ ಸಂಜೆ ಆರೂವರೆಗೋ ಹೋದರೆ ಭಟ್ಟರೇ ಹೊರಗೆ ಬಂದು ಮಾತನಾಡಬಹುದು.

ಇಲ್ಲಿ ಕಡಲೆಕಾಯಿ ಅಡಗಿರುವ ಜಾಗಗಳು ಮೈಸೂರಿನವರಿಗೆ ತಟ್ಟನೆ ಹೊಳೆಯುವುದಿಲ್ಲ. ಮಹಾರಾಷ್ಟ್ರದ ಅಡುಗೆಯಲ್ಲಿ ಹುರಿದು ಕುಟ್ಟಿದ ಶೇಂಗಾಪುಡಿ, ಅಂದರೆ ದಾಣ್ಯಾಚಂ ಕೂಟ್, ನಮ್ಮ ಕಾಯಿತುರಿಯಷ್ಟೇ ಸಹಜವಾದದ್ದು. ಕೋಸಂಬರಿಯಂಥ ಕೋಶಿಂಬೀರ್, ತುಂಬಿದ ಬದನೆಕಾಯಿ, ಕೆಲವು ಪಲ್ಯ, ಮೆಣಸಿನಕಾಯಿ ಕುಟ್ಟಿ ಮಾಡುವ ಠೇಚಾ, ವಡಾಪಾವ್‌ನ ಒಣಚಟ್ನಿ, ಇವುಗಳಲ್ಲೆಲ್ಲ ಅದು ಕಣ್ಣಿಗೆ ಕಾಣದಂತೆ ಬೆರೆತಿರಬಹುದು. ಪಂಜಾಬಿ ಗ್ರೇವಿಗೆ ಗೋಡಂಬಿ ಎಂದು ಹೇಳಿದರೂ ಖರ್ಚು ಉಳಿಸಲು ಶೇಂಗಾ ಸೇರಿಸುವವರಿದ್ದಾರೆ. ನನ್ನ ವೃತ್ತಿಯವರ ಬಗ್ಗೆ ಹೀಗೆ ಬರೆಯಲು ಸಂಕಟವಾಗುತ್ತದೆ, ಆದರೆ ಮಗುವಿನ ವಿಷಯದಲ್ಲಿ ಮುಚ್ಚಿಡಬಾರದು. ಎಣ್ಣೆಯ ಬಗ್ಗೆಯೂ ಕೇಳಿ: ಚೆನ್ನಾಗಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಹುಮಟ್ಟಿಗೆ ಉಳಿದಿರುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಹುರಿದರೆ, ಕರಿದರೆ ದೋಷ ಹೋಗುತ್ತದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ, ಕಡಲೆಕಾಯಿಯ ಪ್ರೋಟೀನ್ ಬೆಂಕಿಗೆ ಬಗ್ಗುವುದಿಲ್ಲ.

ಉಪವಾಸದ ದಿನಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಆಷಾಢಿ ಏಕಾದಶಿ, ಮಹಾಶಿವರಾತ್ರಿ, ನವರಾತ್ರಿ ಬಂದರೆ ಇಲ್ಲಿನ ಹೋಟೆಲುಗಳಲ್ಲಿ ಸಾಬೂದಾಣಾ ಖಿಚಡಿ, ಸಾಬೂದಾಣಾ ವಡೆ ಬೆಳಗಿನಿಂದಲೇ ಆಗುತ್ತಿರುತ್ತವೆ, ಎರಡಕ್ಕೂ ಶೇಂಗಾಪುಡಿ ಬೇಕೇ ಬೇಕು. ಆ ದಿನ ನಮ್ಮ ಕಟ್ಟೆಯ ಮೇಲೆ ಕೈಯಾಡಿಸಿದರೆ ಬೆರಳಿಗೆ ಶೇಂಗಾಪುಡಿ ಹತ್ತುತ್ತದೆ. ಸಾಬೂದಾಣಾ ವಡೆ ಕರಿದ ಬಾಣಲೆಯಲ್ಲೇ ಉದ್ದಿನ ವಡೆಯೂ ಬೀಳುತ್ತದೆ, ಖಿಚಡಿ ಬಡಿಸಿದ ಸೌಟೇ ಉಪ್ಪಿಟ್ಟಿಗೂ ಹೋಗುತ್ತದೆ. ಅಂಥ ದಿನ ಮಗುವಿಗೆ ಹೊರಗಿನ ತಿಂಡಿ ಬೇಡವೇ ಬೇಡ. ಉಳಿದ ದಿನಗಳಲ್ಲಿಯೂ ಮಿಕ್ಸಿಯ ವಿಷಯ ಮರೆಯಬೇಡಿ. ರುಬ್ಬಿದ ಮೇಲೆ ಜಾರಿಗೆ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನೂ ಚೆಲ್ಲದೆ ಚಟ್ನಿಗೋ ಸಾಂಬಾರಿಗೋ ಸುರಿಯುವುದು ನಮ್ಮ ಅಡುಗೆಮನೆಗಳ ಹಳೆಯ ರೂಢಿ.

ಕಾನೂನಿನಿಂದ ಸಿಗುವ ನೆರವು ಸ್ವಲ್ಪವೇ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ, ಕೇಂದ್ರ ಪರವಾನಗಿ ಇರುವ ಅಥವಾ 10 ಇಲ್ಲವೇ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು, ಸೋಯಾ, ಗೋಧಿ ಮೊದಲಾದವುಗಳ ಮಾಹಿತಿಯನ್ನು ಗ್ರಾಹಕರಿಗೆ ತಿಳಿಸಬೇಕು. ಇದು 2022ರಲ್ಲಿ ಜಾರಿಗೆ ಬಂತು. ನೀವು ಹೆಚ್ಚಾಗಿ ಹೋಗುವ ಒಂದೇ ಅಂಗಡಿಯ ಉಡುಪಿ ಹೋಟೆಲು ಈ ಲೆಕ್ಕಕ್ಕೆ ಬರುವುದಿಲ್ಲ. ಎಳ್ಳು ಆ ಪಟ್ಟಿಯಲ್ಲಿಯೇ ಇಲ್ಲ, ಮಗನಿಗೆ ಅದೂ ಆಗದಿದ್ದರೆ ಬೇರೆಯಾಗಿ ವಿಚಾರಿಸಬೇಕು. ಆದರೆ ಪೊಟ್ಟಣದ ಮಸಾಲೆ, ಸಾಸ್‌ಗಳ ಮೇಲೆ ಈ ವಿವರ ಅಚ್ಚಾಗಿರುತ್ತದೆ, ಪೊಟ್ಟಣ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪಾರ್ಸೆಲ್ ತರಿಸುವಾಗ ಆ್ಯಪ್‌ನಲ್ಲಿ ಬರೆದ ಸೂಚನೆಯನ್ನಷ್ಟೇ ನಂಬದೆ ಹೋಟೆಲಿಗೆ ನೇರವಾಗಿ ಫೋನ್ ಮಾಡಿ. ಆ ಸೂಚನೆ ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತದೆ, ಒಲೆಯ ಮುಂದೆ ನಿಂತವರು ಅದನ್ನು ಓದುವುದು ಕಡಿಮೆ.

ನಾನು ವೈದ್ಯನಲ್ಲ, ಆದರೂ ಆ ದಿನದ ನಂತರ ಕಲಿತದ್ದನ್ನು ಹೇಳುತ್ತೇನೆ. ಉಸಿರಾಟಕ್ಕೆ ತೊಂದರೆಯಾದಾಗ, ಗಂಟಲು ಬಿಗಿದಾಗ, ಮಗು ಸುಸ್ತಾಗಿ ಬಿದ್ದಾಗ ಮನೆಯಲ್ಲಿರುವ ಅಲರ್ಜಿಯ ಮಾತ್ರೆ, ಸಿರಪ್‌ಗಳಿಂದ ಅದು ನಿಲ್ಲುವುದಿಲ್ಲ. ಬೇಕಾದದ್ದು ತೊಡೆಯ ಹೊರಭಾಗಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅದನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕೇ, ಎಷ್ಟು ಪ್ರಮಾಣ, ಕೊಡುವುದು ಹೇಗೆ ಎಂಬುದನ್ನು ಮೈಸೂರು ಬಿಡುವ ಮೊದಲೇ ನಿಮ್ಮ ವೈದ್ಯರಿಂದ ಕಲಿತು ಬನ್ನಿ. ಮಹಾರಾಷ್ಟ್ರದಲ್ಲಿಯೂ ಆಂಬುಲೆನ್ಸಿಗೆ 108. ಮಗುವನ್ನು ಎದ್ದು ನಡೆಯಲು ಬಿಡಬೇಡಿ. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟು, ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿಯೇ ಇರಿ.

'ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ' ಎನ್ನುವ ಹೋಟೆಲಿನಿಂದ ತಕ್ಷಣ ಎದ್ದು ಬನ್ನಿ. 'ಖಚಿತವಾಗಿ ಹೇಳಲಾರೆ, ಇದನ್ನು ಕೊಡಬೇಡಿ' ಎನ್ನುವ ಹೋಟೆಲು ಸಿಕ್ಕರೆ ಅದನ್ನು ಗುರುತಿಟ್ಟುಕೊಂಡು ಮತ್ತೆ ಮತ್ತೆ ಹೋಗಿ. ಮೊದಲ ದಿನಗಳಲ್ಲಿ ಹಬೆಯಲ್ಲಿ ಬೆಂದ ಇಡ್ಲಿಯನ್ನು, ಅದರ ಹಿಟ್ಟಿನ ಬಗ್ಗೆಯೂ ವಿಚಾರಿಸಿಕೊಂಡು, ಬರೀ ತುಪ್ಪ ಸಕ್ಕರೆಯೊಡನೆ ಕೊಡಿ. ಚಟ್ನಿ ಬೇಡ ಎಂದು ಮೊದಲೇ ಹೇಳಿದರೂ ಅಭ್ಯಾಸಬಲದಿಂದ ತಟ್ಟೆಯಲ್ಲಿ ಚಟ್ನಿ ಬಂದೇ ಬರುತ್ತದೆ. ಆಗ ಅದನ್ನು ಬದಿಗೆ ಸರಿಸಿ ತಿನ್ನಿಸಬೇಡಿ. ತಟ್ಟೆಯನ್ನು ಇಡ್ಲಿಯ ಸಮೇತ ಹಿಂದಕ್ಕೆ ಕಳುಹಿಸಿ, ಬೇರೆ ತಟ್ಟೆಯಲ್ಲಿ ಬೇರೆ ಇಡ್ಲಿ ತರಿಸಿ.