ಟ್ರೇಲರ್ ಟೈರಿಗೆ ಎಷ್ಟು ಗಾಳಿ?

ಪ್ರಶ್ನೆ: ಒಂದೇ ಆಕ್ಸಲಿನ ಸಣ್ಣ ಟ್ರೇಲರನ್ನು ಕಾರಿಗೆ ಕಟ್ಟಿ ಎಳೆಯುತ್ತೇನೆ. ಸಾಮಾನು ಹೇರಿದಾಗ ಒಟ್ಟು 600 ಕೆ.ಜಿ. ಕಾರಿನ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ 33 ಪಿಎಸ್‌ಐ ಎಂದಿದೆ. ಟ್ರೇಲರ್ ಟೈರಿನ ಪಕ್ಕದಲ್ಲಿ 50 ಎಂದು ಅಚ್ಚಾಗಿದೆ. ಎಲ್ಲಕ್ಕೂ 33 ಹಾಕಿಸುತ್ತಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ, ಮುಂದಿನ ಪ್ರಯಾಣಕ್ಕೆ ಮೊದಲೇ ಬದಲಿಸಿ. ಬಾಗಿಲ ಸ್ಟಿಕರು ಕಾರಿನ ಟೈರಿಗೆ ಮಾತ್ರ. ಟ್ರೇಲರಿಗೆಂದೇ ಮಾಡಿದ ಟೈರಿಗೆ, ತಯಾರಕರು ಬೇರೆ ಹೇಳದಿದ್ದರೆ, ಪಕ್ಕದಲ್ಲಿ ಅಚ್ಚಾದಷ್ಟನ್ನೇ ತುಂಬಿಸಬೇಕು. ಅದೂ ಟೈರು ತಣ್ಣಗಿರುವಾಗ. ಕಾರಿನ ಟೈರಿನ ಪಕ್ಕದಲ್ಲೂ ಒಂದು ಗರಿಷ್ಠ ಅಂಕಿ ಇರುತ್ತದೆ, ಆದರೆ ಅದು ಮೀರಬಾರದ ಗಡಿಯೇ ಹೊರತು ತುಂಬಿಸಬೇಕಾದ ಅಳತೆಯಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಭಾರ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ. ಎಸ್‌ಟಿ 175/80 ಆರ್‌ 13 ಅಳತೆಯ (ಎಸ್‌ಟಿ ಎಂದರೆ ಟ್ರೇಲರಿಗೆಂದೇ ಮಾಡಿದ್ದು) ಲೋಡ್ ರೇಂಜ್ ಸಿ, ಅಂದರೆ ಭಾರ ಹೊರುವ ‘ಸಿ’ ದರ್ಜೆಯ ಟೈರು 50 ಪಿಎಸ್‌ಐನಲ್ಲಿ 617 ಕೆ.ಜಿ. ಹೊರುತ್ತದೆ, 35ಕ್ಕೆ ಇಳಿದರೆ ಸುಮಾರು 500. ‘ನನ್ನದು 600, ಎರಡು ಟೈರಿಗೆ ಹಂಚಿದರೆ 300 ತಾನೇ’ ಎನ್ನಿಸಬಹುದು. ಸಾಮಾನು ಯಾವಾಗಲೂ ಸಮನಾಗಿ ಕೂರುವುದಿಲ್ಲ, ತಿರುವಿನಲ್ಲಿ ಹೊರಗಿನ ಟೈರಿಗೆ ಭಾರ ವಾಲುತ್ತದೆ, ಗುಂಡಿಗೆ ಬಿದ್ದರೆ ಏಟು ಬೇರೆ. ಎಲ್ಲಕ್ಕಿಂತ ಕೆಟ್ಟದ್ದು ಶಾಖ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕೊನೆಗೆ ಮೇಲಿನ ಟ್ರೆಡ್ಡೇ ಕಿತ್ತು ಬರುತ್ತದೆ. ಕಾರಿನ ಟೈರು ಮೆತ್ತಗಾದರೆ ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ಟ್ರೇಲರಿನದು ಕಿತ್ತು ಹೋಗುವವರೆಗೂ ತಿಳಿಯದೇ ಇರಬಹುದು.

ಖಾಲಿ ಟ್ರೇಲರ್ ತುಂಬಾ ಕುಪ್ಪಳಿಸಿದರೆ ಟೈರು ಕಂಪನಿಯ ಲೋಡ್ ಪಟ್ಟಿ ನೋಡಿ ಇಳಿಸಬಹುದು. ಪಟ್ಟಿ ಕೈಯಲ್ಲಿಲ್ಲದಿದ್ದರೆ 50ರಲ್ಲೇ ಬಿಡಿ. ಅಳತೆ ‘ಪಿ’ ಅಕ್ಷರದಿಂದ ಶುರುವಾಗುವ ಕಾರಿನ ಟೈರನ್ನು ಟ್ರೇಲರಿಗೆ ಹಾಕಿಸಿದ್ದರೆ, ಅದರ ಮೇಲಿನ ಭಾರದ ಅಂಕಿಯನ್ನು 1.1ರಿಂದ ಭಾಗಿಸಿ, 550 ಕೆ.ಜಿ. ಎಂದಿದ್ದರೆ 500 ಎಂದೇ ಹಿಡಿಯಿರಿ.

ಪ್ರಶ್ನೆ: ಬೆಳಿಗ್ಗೆ 50 ಇದ್ದದ್ದು ಒಂದು ಗಂಟೆ ಓಡಿದ ಮೇಲೆ 56 ತೋರಿಸಿತು. ಹೆಚ್ಚಾದ ಗಾಳಿಯನ್ನು ಹೊರಬಿಟ್ಟೆ. ಮರುದಿನ 44 ಇತ್ತು!

ಉತ್ತರ: ಬಿಡಬಾರದಿತ್ತು. ಓಡಿದ ಟೈರಿನ ಒಳಗಾಳಿ ಕಾದು ಒತ್ತಡ ಏರುವುದು ಸಹಜ, ಟೈರಿನ ಮೇಲಿನ ಅಂಕಿ ಆ ಏರಿಕೆಗೂ ಜಾಗ ಬಿಟ್ಟೇ ಬರೆದದ್ದು. ಕನಿಷ್ಠ ಮೂರು ಗಂಟೆ ನಿಂತಿರುವಾಗ, ನೆರಳಿನಲ್ಲಿ, ಒಂದೇ ಗೇಜಿನಿಂದ ಅಳೆಯಿರಿ. ಹವೆ 10 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ 50ರ ಟೈರಿನಲ್ಲಿ ಸುಮಾರು 2 ಪಿಎಸ್‌ಐ ತಾನಾಗಿ ಇಳಿಯುತ್ತದೆ. ಚಳಿಗಾಲ ಬಂದಾಗ ಮತ್ತೆ ನೋಡಲೇಬೇಕು.

ಬಿಸಿಯಲ್ಲಿ ಅಳೆಯುವುದರಿಂದ ಒಂದು ಉಪಯೋಗವಿದೆ: ಎಡಬಲ ಹೋಲಿಕೆ. ನಿಂತಾಗ ಎರಡೂ ಬದಿ ಕೈಯನ್ನು ಮೊದಲು ಹತ್ತಿರ ಹಿಡಿದು ನೋಡಿ, ಆಮೇಲೆ ಮುಟ್ಟಿ. ಟೈರೊಂದೇ ಹೆಚ್ಚು ಕಾದಿದ್ದರೆ ಆ ಬದಿಗೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ಗಾಲಿಯ ನಡುವಿನ ಗುಂಭ (ಹಬ್) ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕು ನೋಡಿಸಿ.

ಪ್ರಶ್ನೆ: ಎಳೆಯುವ ಕಾರಿನ ಹಿಂದಿನ ಟೈರಿಗೂ ಹೆಚ್ಚು ಬೇಕೇ?

ಉತ್ತರ: ಬಹುಪಾಲು ಬೇಕು. ಟ್ರೇಲರಿನ ಮೂಕಿ ಕಾರಿನ ಹಿಂದಿನ ಕೊಂಡಿಯ (ಹಿಚ್) ಮೇಲೆ ಊರುವ ಭಾರ 60 ಕೆ.ಜಿ. ಎಂದುಕೊಳ್ಳಿ. ಕಾರಿನ ಮುಂದಿನ ಹಿಂದಿನ ಗಾಲಿಗಳ ನಡುವೆ 2.6 ಮೀಟರ್, ಹಿಂದಿನ ಗಾಲಿಯಿಂದ ಹಿಚ್ ಬಾಲ್‌ಗೆ 1.1 ಮೀಟರ್ ಇದ್ದರೆ, ಸನ್ನೆಗೋಲಿನಂತೆ ಹಿಂದಿನ ಆಕ್ಸಲಿಗೆ 85 ಕೆ.ಜಿ. ಸೇರಿ ಮುಂದಿನದಕ್ಕೆ 25 ಇಳಿಯುತ್ತದೆ. ಡಿಕ್ಕಿಯ ಸಾಮಾನು, ಹಿಂದೆ ಕೂತವರು ಬೇರೆ. ಸ್ಟಿಕರಿನಲ್ಲಿ ‘ಪೂರ್ತಿ ಭಾರ’ದ ಅಂಕಿ ಇದ್ದರೆ ಹಿಂದಿನ ಟೈರಿಗೆ ಅದನ್ನೇ ಹಾಕಿಸಿ, ಕೈಪಿಡಿಯಲ್ಲಿ ಎಳೆಯುವಾಗಿನ ಅಂಕಿ ಪ್ರತ್ಯೇಕವಾಗಿದ್ದರೆ ಅದೇ ಅಂತಿಮ. ಹಿಂದಿನ ಟೈರು ಮೆತ್ತಗಿದ್ದರೆ ವೇಗದಲ್ಲಿ ಟ್ರೇಲರ್ ಓಲಾಡತೊಡಗುತ್ತದೆ. ಆದರೆ ಓಲಾಟಕ್ಕೆ ಹೆಚ್ಚಿನ ಸಲ ಕಾರಣ ಹಿಂಭಾರ. ಸಾಮಾನನ್ನು ಆಕ್ಸಲಿನ ತುಸು ಮುಂದಕ್ಕೆ ಸರಿಸದೆ ಬರೀ ಗಾಳಿ ಏರಿಸಿದರೆ ಅದು ನಿಲ್ಲದು.

ಪ್ರಶ್ನೆ: ವಾರಕ್ಕೆ 5 ಪಿಎಸ್‌ಐ ಇಳಿಯುತ್ತದೆ, ಪಂಕ್ಚರ್ ಸಿಗುತ್ತಿಲ್ಲ.

ಉತ್ತರ: ವಾಲ್ವ್ ನೋಡಿ. ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಬಾಗಿಸಿ, ಬುಡಕ್ಕೆ ಸೋಪಿನ ನೀರು ಹಚ್ಚಿ. ನೆಟ್ಟಗಿದ್ದಾಗ ಕಾಣದ ಕೂದಲೆಳೆಯ ಬಿರುಕು ಬಾಗಿಸಿದಾಗ ಬಾಯಿಬಿಟ್ಟು ಸಣ್ಣ ಗುಳ್ಳೆಗಳ ಸಾಲು ಬರುತ್ತದೆ. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. ಟೈರು ಅದಕ್ಕಿಂತ ಹೆಚ್ಚು ಬೇಡುವುದಾದರೆ ಹೆಚ್ಚಿನ ಒತ್ತಡದ ವಾಲ್ವೇ ಬೇಕು, ರಿಮ್ಮೂ ಅಷ್ಟು ತಡೆಯುವಂಥದ್ದಾಗಿರಬೇಕು. ವಾಲ್ವ್ ಬದಲಿಸುವಾಗ ಸ್ಟೆಪ್ನಿಗೂ ಅದೇ ಒತ್ತಡ ತುಂಬಿಸಿ.